ಟ್ರಾನ್ಸ್‌ಫಾರ್ಮರ್ ಎಣ್ಣೆಯ ಗ್ಯಾಸ್ ರಿಪೋರ್ಟ್: ನಾನು ಓದುವ ಕ್ರಮ

"ಮೇಡಂ, ರಿಮಾರ್ಕ್ಸ್‌ನಲ್ಲಿ ನಾರ್ಮಲ್ ಅಂತಿದೆ. ಫೈಲ್ ಮಾಡ್ಲಾ?"

ನಮ್ಮ ಜೂನಿಯರ್ ಇಂಜಿನಿಯರ್ ಕೇಳಿದ. ಅವನ ಕೈಯಲ್ಲಿದ್ದದ್ದು ಡಿಜಿಎ ರಿಪೋರ್ಟ್, ಅಂದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಯಾವ ಗ್ಯಾಸ್ ಎಷ್ಟು ಕರಗಿದೆ ಅನ್ನುವ ಪರೀಕ್ಷೆಯ ವರದಿ. ನಾನು ನನ್ನ ಲಾಂಗ್ ಬುಕ್ ತೆಗೆದು ಅವನ ಮುಂದಿಟ್ಟೆ. ಹೋದ ಸಲದ ಅಂಕಿಗಳ ಪಕ್ಕ ಈ ಸಲದ್ದನ್ನು ಬರಿ ಅಂದೆ. ಒಂದೊಂದೇ ಬರೆದುಕೊಂಡು ಬಂದವನು ಎಥಿಲೀನ್ ಸಾಲಿನಲ್ಲಿ ನಿಂತುಬಿಟ್ಟ. ಹೋದ ಸಲ 14. ಈ ಸಲ 236. ನಡುವೆ ಇದ್ದದ್ದು ಬರೀ 90 ದಿನ.

ಲ್ಯಾಬ್‌ನವರು ಸುಳ್ಳು ಬರೆದಿರಲಿಲ್ಲ. ಅವರ ಪಟ್ಟಿಯಲ್ಲಿ ಎಥಿಲೀನ್‌ಗೆ ಮೇಲಿನ ಗೆರೆ 280. 236 ಅದರೊಳಗೇ ಇತ್ತು. ಹೋದ ಸಲದ ಕಾಗದ ಅವರ ಮುಂದೆ ಇರಲಿಲ್ಲ ಅಷ್ಟೇ. ಅದು ಇರುವುದು ನಿಮ್ಮ ಬೀರುವಿನಲ್ಲಿ. ಅದಕ್ಕೇ ಈ ರಿಪೋರ್ಟ್ ಓದುವ ಕೆಲಸ ಟ್ರಾನ್ಸ್‌ಫಾರ್ಮರ್ ನೋಡಿಕೊಳ್ಳುವವರದೇ, ಲ್ಯಾಬಿನದ್ದಲ್ಲ. ಹೇಗೆ ಓದಬೇಕು ಅಂತ ಈ ಟ್ರಾನ್ಸ್‌ಫಾರ್ಮರ್‌ನ ಕತೆಯನ್ನೇ ಹಿಡಿದು ಹೇಳುತ್ತೇನೆ.

ಹಳೇ ಮೈಸೂರು ಸೀಮೆಯ ಒಂದು ಸಕ್ಕರೆ ಕಾರ್ಖಾನೆ. 20 ಎಂವಿಎ ಟ್ರಾನ್ಸ್‌ಫಾರ್ಮರ್, 11 ಕೆವಿಯಿಂದ 66 ಕೆವಿ. ಕಬ್ಬು ಅರೆಯುವ ಸೀಸನ್‌ನಲ್ಲಿ ಸಿಪ್ಪೆ ಸುಟ್ಟು ಕರೆಂಟ್ ತೆಗೆದು ಗ್ರಿಡ್‌ಗೆ ಕಳಿಸುತ್ತೇವೆ. ಆಗ ಇದರ ಮೇಲೆ ಪೂರ್ತಿ ಲೋಡ್. ಸೀಸನ್ ಮುಗಿದ ಮೇಲೆ ಇದೇ ಟ್ರಾನ್ಸ್‌ಫಾರ್ಮರ್‌ನಿಂದ ಕಾಲೋನಿಗೆ, ರಿಪೇರಿ ಕೆಲಸಕ್ಕೆ ಒಂಚೂರು ಕರೆಂಟ್ ಒಳಗೆ ಬರುತ್ತದೆ. ಅದು ಲೆಕ್ಕಕ್ಕೇ ಇಲ್ಲದ ಲೋಡ್. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲು ಸ್ಯಾಂಪಲ್ ಸರಿ ಇದೆಯಾ ನೋಡಿ

ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ಕೇಳುವುದು ಅಂಕಿಯ ಬಗ್ಗೆ ಅಲ್ಲ. ಸ್ಯಾಂಪಲ್ ತೆಗೆದವರು ಯಾರು, ಯಾವುದರಲ್ಲಿ ತೆಗೆದರು, ಲ್ಯಾಬ್ ಮುಟ್ಟಲು ಎಷ್ಟು ದಿನ ಆಯಿತು? ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಎಣ್ಣೆ ತುಂಬಿ ಕೊಟ್ಟಿದ್ದನ್ನು ನಾನೇ ಲ್ಯಾಬಿಗೆ ಕಳಿಸಿದ್ದೇನೆ. ಹೈಡ್ರೋಜನ್ ಸೊನ್ನೆ ಹತ್ತಿರ ಬಂತು, ಖುಷಿಪಟ್ಟೆ. ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಎಣ್ಣೆಯಲ್ಲಿ ಕರಗುವುದೂ ಕಡಿಮೆ. ಸಂದು ಸಿಕ್ಕರೆ ಮೊದಲು ಓಡಿಹೋಗುವುದು ಅದೇ. ಖಾಲಿಯಾದ ಬಾಟಲಿಯ ರಿಪೋರ್ಟನ್ನು ನಾನು ಟ್ರಾನ್ಸ್‌ಫಾರ್ಮರ್‌ನ ರಿಪೋರ್ಟ್ ಅಂತ ಓದಿದ್ದೆ.

ಸರಿಯಾಗಿ ತೆಗೆಯುವುದನ್ನು ನನಗೆ ಕಲಿಸಿದವರು ನಮ್ಮ ಹಿರಿಯ ಫಿಟ್ಟರ್. ಗಾಜಿನ ಸಿರಿಂಜ್ ಬೇಕು, 50 ಎಂಎಲ್‌ನದ್ದು, ಮೂರು ದಾರಿಯ ಕಾಕ್ ಇರುವುದು. ಟ್ಯಾಂಕಿನ ಕೆಳಗಿನ ಸ್ಯಾಂಪ್ಲಿಂಗ್ ವಾಲ್ವ್‌ನ ಬಾಯಿಯನ್ನು ಹಿಂಜು ಬಿಡದ ಬಟ್ಟೆಯಲ್ಲಿ ಒರೆಸುತ್ತಾರೆ. ಮೊದಲ ಒಂದೆರಡು ಲೀಟರ್ ಎಣ್ಣೆಯನ್ನು ಬಕೆಟ್ಟಿಗೆ ಬಿಡುತ್ತಾರೆ, ಯಾಕೆಂದರೆ ವಾಲ್ವ್ ಬಾಯಲ್ಲಿ ನಿಂತ ಎಣ್ಣೆ ಒಳಗಿನ ಸುದ್ದಿ ಹೇಳುವುದಿಲ್ಲ. ಆಮೇಲೆ ಪೈಪ್ ಜೋಡಿಸಿ ಕಾಕ್ ತಿರುಗಿಸುತ್ತಾರೆ. ನಾನು ಪಿಸ್ಟನ್ ಹಿಡಿದು ಎಳೆಯಲು ಹೋದೆ. "ಎಳೀಬೇಡಿ ಮೇಡಂ, ಎಣ್ಣೆ ತಾನಾಗೇ ತಳ್ಕೊಂಡು ಬರ್ಲಿ" ಅಂದರು. ಎಳೆದರೆ ಒಳಗೆ ನಿರ್ವಾತ ಆಗುತ್ತದೆ, ಕರಗಿದ ಗ್ಯಾಸ್ ಗುಳ್ಳೆಯಾಗಿ ಹೊರಗೆ ಬರುತ್ತದೆ. ಟ್ಯಾಂಕಿನ ಒತ್ತಡಕ್ಕೇ ಪಿಸ್ಟನ್ ನಿಧಾನವಾಗಿ ಹಿಂದೆ ಸರಿಯಬೇಕು. ಸ್ವಲ್ಪ ತುಂಬಿಸಿ, ಸಿರಿಂಜನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಗುಳ್ಳೆಯ ಸಮೇತ ಹೊರಗೆ ತಳ್ಳಿ. ಎರಡು ಮೂರು ಸಲ ಹೀಗೆ ತೊಳೆದ ಮೇಲೆ ತುಂಬಿಸಿ. ಬೆಳಕಿಗೆ ಹಿಡಿದು ನೋಡಿ, ಸಾಸಿವೆಯಷ್ಟು ಗುಳ್ಳೆ ಇದ್ದರೂ ಚೆಲ್ಲಿ ಮತ್ತೆ ತೆಗೆಯಿರಿ. ಪಿಸ್ಟನ್ ಮುಕ್ತವಾಗಿ ಆಡುವ ಹಾಗೆ ಪ್ಯಾಕ್ ಮಾಡಿ, ಬಿಸಿಲು ತಾಗದ ಹಾಗೆ ಕಪ್ಪು ಕಾಗದ ಸುತ್ತಿ.

ಒಂದು ಎಚ್ಚರಿಕೆ. ವಾಲ್ವ್ ಸ್ವಲ್ಪ ತೆರೆದಾಗ ಎಣ್ಣೆ ಹೊರಗೆ ಬರದಿದ್ದರೆ ಅಲ್ಲೇ ಮುಚ್ಚಿ. ಒಳಗೆ ಒತ್ತಡ ಕಡಿಮೆ ಇದ್ದರೆ ಗಾಳಿ ಒಳಗೆ ನುಗ್ಗುತ್ತದೆ. ಚಾರ್ಜ್ ಆಗಿರುವ, ಅಂದರೆ ಕರೆಂಟ್ ಕೊಟ್ಟಿರುವ ಟ್ರಾನ್ಸ್‌ಫಾರ್ಮರ್ ಒಳಗೆ ಗಾಳಿಗುಳ್ಳೆ ಹೋಗುವುದು ಜೀವಕ್ಕೇ ಅಪಾಯ.

ಲೇಬಲ್ ಮೇಲೆ ತಾರೀಖು, ಎಣ್ಣೆಯ ಬಿಸಿ, ಆಗಿದ್ದ ಲೋಡ್, ಕೊನೆಯ ಸಲ ಫಿಲ್ಟರ್ ಮಾಡಿದ ದಿನ, ಇಷ್ಟು ಇರಲೇಬೇಕು. ಬೆಂಗಳೂರಿನ ಸಿಪಿಆರ್‌ಐನಲ್ಲಿ (ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ) ಈ ಪರೀಕ್ಷೆ ಮಾಡಿಕೊಡುತ್ತಾರೆ, ಖಾಸಗಿ ಲ್ಯಾಬ್‌ಗಳೂ ಇವೆ. ಯಾವುದಾದರೂ ಸರಿ, ಒಂದನ್ನೇ ಹಿಡಿದುಕೊಳ್ಳಿ. ಒಳ್ಳೆಯ ಲ್ಯಾಬಿನಲ್ಲೂ ಶೇ. 15ರಷ್ಟು ಹೆಚ್ಚುಕಡಿಮೆ ಇರುತ್ತದೆ. ಹಾಗಾಗಿ 60 ಇದ್ದದ್ದು 66 ಆದರೆ ಏರಿದೆ ಅಂತ ಹೇಳಲು ಬರುವುದಿಲ್ಲ. 14 ಇದ್ದದ್ದು 236 ಆದರೆ ಯಾವ ಲ್ಯಾಬಿನ ತಪ್ಪೂ ಅಲ್ಲ.

ಯಾವ ಗ್ಯಾಸ್ ಎಲ್ಲಿಂದ ಬರುತ್ತದೆ

ಎಣ್ಣೆ ಅಂದರೆ ಕಾರ್ಬನ್, ಹೈಡ್ರೋಜನ್ ಸರಪಳಿ. ಬಿಸಿ ತಾಗಿದರೆ ಒಡೆಯುತ್ತದೆ. ಎಷ್ಟು ಬಿಸಿ ಅನ್ನುವುದರ ಮೇಲೆ ತುಂಡುಗಳು ಬೇರೆ ಬೇರೆ. ಸುಮಾರು 150 ಡಿಗ್ರಿಯಿಂದ ಹೈಡ್ರೋಜನ್, ಮೀಥೇನ್ ಶುರುವಾಗುತ್ತವೆ. ಇನ್ನೊಂಚೂರು ಮೇಲೆ ಹೋದರೆ ಈಥೇನ್. 350 ಡಿಗ್ರಿ ದಾಟಿದರೆ ಎಥಿಲೀನ್ ಜೋರು. ಅಸಿಟಿಲೀನ್ ಸರಿಯಾಗಿ ಹುಟ್ಟಬೇಕಾದರೆ 700 ಡಿಗ್ರಿಗೂ ಮೇಲೆ ಬೇಕು, ಅಂದರೆ ಹೆಚ್ಚಾಗಿ ಕಿಡಿ, ಆರ್ಕ್. ಕಾರ್ಬನ್ ಮಾನಾಕ್ಸೈಡ್, ಡೈಆಕ್ಸೈಡ್ ಮುಖ್ಯವಾಗಿ ವೈಂಡಿಂಗ್‌ಗೆ (ಒಳಗಿನ ತಂತಿ ಸುರುಳಿಗೆ) ಸುತ್ತಿದ ಕಾಗದದಿಂದ ಬರುತ್ತವೆ. ಅವು ವಯಸ್ಸಾದ ಹಾಗೆ ಹೇಗೂ ಬರುತ್ತವೆ, ಬಿಸಿಯಾದರೆ ಜಾಸ್ತಿ.

ನಮ್ಮಲ್ಲಿ ಓದಲು ಬಳಸುವುದು ಐಎಸ್ 10593 ಅನ್ನುವ ಮಾನದಂಡದ ಪುಸ್ತಕ. ಅದು ಅಂತರರಾಷ್ಟ್ರೀಯ ಐಇಸಿ 60599ರ ಭಾರತೀಯ ರೂಪ. ಅದರಲ್ಲಿ ಪ್ರತಿ ಗ್ಯಾಸಿಗೂ ಒಂದು ವ್ಯಾಪ್ತಿ ಕೊಟ್ಟಿದೆ. ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಪಾಲು) ಲೆಕ್ಕದಲ್ಲಿ ಹೈಡ್ರೋಜನ್ 50ರಿಂದ 150, ಮೀಥೇನ್ 30ರಿಂದ 130, ಈಥೇನ್ 20ರಿಂದ 90, ಎಥಿಲೀನ್ 60ರಿಂದ 280, ಕಾರ್ಬನ್ ಮಾನಾಕ್ಸೈಡ್ 400ರಿಂದ 600, ಡೈಆಕ್ಸೈಡ್ 3,800ರಿಂದ 14,000. ಅಸಿಟಿಲೀನ್ 2ರಿಂದ 20, ಟ್ಯಾಪ್ ಚೇಂಜರ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಸ್ವಿಚ್) ಎಣ್ಣೆ ಮುಖ್ಯ ಟ್ಯಾಂಕಿನ ಎಣ್ಣೆಗೆ ಬೆರೆಯುವಂಥದ್ದಾದರೆ 60ರಿಂದ 280. ಇವನ್ನು ಅಪಾಯದ ಗೆರೆ ಅಂತ ಓದಬೇಡಿ. ಕೆಲಸ ಮಾಡುತ್ತಿರುವ ಟ್ರಾನ್ಸ್‌ಫಾರ್ಮರ್‌ಗಳಲ್ಲಿ 100ಕ್ಕೆ 90 ಇದರ ಕೆಳಗಿರುತ್ತವೆ ಅನ್ನುವ ಗೆರೆ ಇದು. ದಾಟಿದರೆ ಕೆಟ್ಟಿದೆ ಅಂತಲ್ಲ, ದಾಟದಿದ್ದರೆ ಚೆನ್ನಾಗಿದೆ ಅಂತಲೂ ಅಲ್ಲ. ಅದೇ ಪುಸ್ತಕದಲ್ಲಿ ವರ್ಷಕ್ಕೆ ಎಷ್ಟು ಏರುವುದು ಸಹಜ ಅಂತ ಇನ್ನೊಂದು ಪಟ್ಟಿ ಇದೆ. ಎಥಿಲೀನ್‌ಗೆ ವರ್ಷಕ್ಕೆ 32ರಿಂದ 146. ನಮ್ಮದು ಮೂರೇ ತಿಂಗಳಲ್ಲಿ 222 ಏರಿತ್ತು. ಆ ಎರಡನೇ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ ಅನ್ನುವುದೇ ನನ್ನ ಸಂಕಟ.

ಲೆಕ್ಕ ಹಾಕೋಣ

ನಮ್ಮ ರಿಪೋರ್ಟ್ ಪೂರ್ತಿ ಹೀಗಿತ್ತು. ಹೈಡ್ರೋಜನ್ 18ರಿಂದ 64ಕ್ಕೆ, ಮೀಥೇನ್ 12ರಿಂದ 126ಕ್ಕೆ, ಈಥೇನ್ 9ರಿಂದ 52ಕ್ಕೆ, ಎಥಿಲೀನ್ 14ರಿಂದ 236ಕ್ಕೆ. ಅಸಿಟಿಲೀನ್ ಮೊದಲು ಇರಲಿಲ್ಲ, ಈಗ 3. ಕಾರ್ಬನ್ ಮಾನಾಕ್ಸೈಡ್ 310 ಇದ್ದದ್ದು 335, ಡೈಆಕ್ಸೈಡ್ 2,900 ಇದ್ದದ್ದು 3,050.

ಮೂರು ಭಾಗಾಕಾರ ಸಾಕು. ಅಸಿಟಿಲೀನನ್ನು ಎಥಿಲೀನ್‌ನಿಂದ ಭಾಗಿಸಿ: 3 ಭಾಗ 236, ಅಂದರೆ 0.01. ಮೀಥೇನನ್ನು ಹೈಡ್ರೋಜನ್‌ನಿಂದ: 126 ಭಾಗ 64, ಸುಮಾರು 2. ಎಥಿಲೀನನ್ನು ಈಥೇನ್‌ನಿಂದ: 236 ಭಾಗ 52, ಸುಮಾರು 4.5. ಮೊದಲನೆಯದು 0.2ಕ್ಕಿಂತ ಕಡಿಮೆ, ಎರಡನೆಯದು 1ಕ್ಕಿಂತ ಜಾಸ್ತಿ, ಮೂರನೆಯದು 4ಕ್ಕಿಂತ ಜಾಸ್ತಿ ಇದ್ದರೆ 700 ಡಿಗ್ರಿಗೂ ಮೀರಿದ ಬಿಸಿ. ಪುಸ್ತಕದಲ್ಲಿ ಇದನ್ನು ಟಿ3 ಅನ್ನುತ್ತಾರೆ. ಮೂರನೆಯದು 1ರಿಂದ 4ರೊಳಗೆ ಇದ್ದಿದ್ದರೆ 300ರಿಂದ 700 ಡಿಗ್ರಿಯ ಟಿ2. 1ಕ್ಕಿಂತ ಕಡಿಮೆ ಇದ್ದರೆ 300ಕ್ಕಿಂತ ಕೆಳಗಿನ ಟಿ1. ಮೊದಲ ಭಾಗಾಕಾರವೇ 1 ದಾಟಿ, ಮೀಥೇನ್‌ಗಿಂತ ಹೈಡ್ರೋಜನ್ ಎಷ್ಟೋ ಪಾಲು ಜಾಸ್ತಿ ಇದ್ದರೆ ಅದು ಬಿಸಿಯ ಕತೆ ಅಲ್ಲ, ಕಿಡಿಯ ಕತೆ.

ಇನ್ನೊಂದು ದಾರಿ ದುವಾಲ್ ತ್ರಿಕೋನ. ಕೆನಡಾದ ಹೈಡ್ರೋ-ಕ್ವಿಬೆಕ್‌ನ ಮಿಶೆಲ್ ದುವಾಲ್ 1970ರ ದಶಕದಲ್ಲಿ ಮಾಡಿದ್ದು. ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರನ್ನೂ ಕೂಡಿಸಿ ಯಾವುದು ಶೇಕಡಾ ಎಷ್ಟು ಅಂತ ನೋಡುವುದು. ನಮ್ಮದರಲ್ಲಿ ಮೊತ್ತ 365. ಮೀಥೇನ್ ಶೇ. 34.5, ಎಥಿಲೀನ್ ಶೇ. 64.7, ಅಸಿಟಿಲೀನ್ ಶೇ. 0.8. ಎಥಿಲೀನ್ 50 ದಾಟಿ ಅಸಿಟಿಲೀನ್ 15ಕ್ಕಿಂತ ಕಡಿಮೆ ಇದ್ದರೆ ಇಲ್ಲೂ ಟಿ3. ಎರಡು ದಾರಿಯೂ ಒಂದೇ ಕಡೆ ತಂದು ನಿಲ್ಲಿಸಿದವು.

ಈ ತ್ರಿಕೋನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ "ಚೆನ್ನಾಗಿದೆ" ಅನ್ನುವ ಜಾಗವೇ ಇಲ್ಲ. ಹೊಚ್ಚಹೊಸ ಟ್ರಾನ್ಸ್‌ಫಾರ್ಮರ್‌ನ 2, 3 ಪಿಪಿಎಂ ಹಾಕಿದರೂ ಯಾವುದೋ ಒಂದು ರೋಗದ ಹೆಸರು ಹೇಳುತ್ತದೆ. ಭಾಗಾಕಾರವೂ ಹಾಗೇ. ಗ್ಯಾಸ್ ಸಹಜಕ್ಕಿಂತ ಜಾಸ್ತಿ ಇದೆ, ಇಲ್ಲವೇ ಬೇಗ ಏರುತ್ತಿದೆ ಅಂತ ಮೊದಲು ಖಚಿತವಾಗಲಿ. ಆಮೇಲೆ ಮಾತ್ರ ಹೆಸರು ಹುಡುಕಿ.

ಈಗ ಕಾಗದದ ಗ್ಯಾಸ್ ನೋಡಿ. 90 ದಿನದಲ್ಲಿ ಮಾನಾಕ್ಸೈಡ್ ಏರಿದ್ದು 25, ಅದೂ ಲ್ಯಾಬಿನ ಹೆಚ್ಚುಕಡಿಮೆಯೊಳಗೇ. 700 ಡಿಗ್ರಿ ಬಿಸಿ ಕಾಗದಕ್ಕೆ ತಾಗಿದ್ದರೆ ಅದು ಸುಟ್ಟು ಮಾನಾಕ್ಸೈಡ್ ಜಿಗಿಯಬೇಕಿತ್ತು. ಜಿಗಿದಿಲ್ಲ. ಹಾಗಾದರೆ ಕಾದಿರುವುದು ಕಾಗದ ಸುತ್ತದ, ಬರಿಯ ಲೋಹ. ಎಲ್ಲೋ ಒಂದು ಬೋಲ್ಟ್ ಜಾಯಿಂಟ್, ಟ್ಯಾಪ್ ಚೇಂಜರ್‌ನ ಕಾಂಟ್ಯಾಕ್ಟ್, ಅಥವಾ ಕೋರ್, ಅಂದರೆ ವೈಂಡಿಂಗ್ ನಡುವಿನ ಕಬ್ಬಿಣದ ತಿರುಳು. ಡೈಆಕ್ಸೈಡನ್ನು ಮಾನಾಕ್ಸೈಡ್‌ನಿಂದ ಭಾಗಿಸಿದರೆ ನಮ್ಮದು 9. ಅದು 3ಕ್ಕಿಂತ ಕೆಳಗೆ ಇಳಿದಿದ್ದರೆ ಕಾಗದ ಕರಕಲಾಗುತ್ತಿದೆ ಅಂತ ಅನುಮಾನ ಪಡಬೇಕಿತ್ತು. ಎಣ್ಣೆ ಬದಲಾಯಿಸಬಹುದು, ಕಾಗದ ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ಈ ಅಂಕಿ ನನಗೆ ಬಹಳ ಮುಖ್ಯ. ಅನುಮಾನ ಬಂದರೆ ಫ್ಯೂರಾನ್ ಪರೀಕ್ಷೆಗೂ (ಕಾಗದ ಎಷ್ಟು ಸವೆದಿದೆ ಅಂತ ಎಣ್ಣೆಯಿಂದಲೇ ತಿಳಿಯುವ ಪರೀಕ್ಷೆ) ಒಂದು ಸ್ಯಾಂಪಲ್ ಕಳಿಸಿ.

ಲೋಡ್ ಇಳಿಸಿ ನೋಡಿ

ಜಾಯಿಂಟಾ, ಕೋರಾ? ರಿಪೋರ್ಟ್ ಇಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ನೀವು ಕೇಳಿ ತಿಳಿದುಕೊಳ್ಳಬೇಕು. ಜಾಯಿಂಟ್ ಕಾಯುವುದು ಹರಿಯುವ ಕರೆಂಟಿನಿಂದ. ಕೋರ್ ಕಾಯುವುದು ವೋಲ್ಟೇಜಿನಿಂದ, ಲೋಡ್ ಇಲ್ಲದಿದ್ದರೂ ಕಾಯುತ್ತಲೇ ಇರುತ್ತದೆ. ಹಾಗಾಗಿ ಲೋಡ್ ಇಳಿಸಿದಾಗ ಗ್ಯಾಸ್ ನಿಂತರೆ ಜಾಯಿಂಟ್, ನಿಲ್ಲದಿದ್ದರೆ ಕೋರ್.

ಸೀಸನ್ ಮಧ್ಯೆ ಬಂದ್ ಮಾಡೋಣ ಅಂದರೆ ಮ್ಯಾನೇಜ್‌ಮೆಂಟ್ ಒಪ್ಪುವುದು ಕಷ್ಟ ಅಂತ ನನಗೆ ಗೊತ್ತಿತ್ತು. ಬಂದ್ ಬೇಡ, ಲೋಡ್ ಶೇ. 60ಕ್ಕೆ ಇಳಿಸಿ ಅಂತ ಬರೆದುಕೊಟ್ಟೆ. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ಕರೆಂಟ್ ಶೇ. 60 ಆದರೆ ಜಾಯಿಂಟಿನಲ್ಲಿ ಹುಟ್ಟುವ ಶಾಖ ಶೇ. 36ಕ್ಕೆ ಇಳಿಯುತ್ತದೆ. ಇಷ್ಟು ಜೋರಾಗಿ ಏರುವಾಗ ಆರು ತಿಂಗಳಿಗೊಂದು ಸ್ಯಾಂಪಲ್ ಸಾಲದು. ಮೊದಲು ಖಾತ್ರಿಗೆ ತಕ್ಷಣ ಇನ್ನೊಂದು ತೆಗೆಸಿದೆ, ಅಂಕಿ ಹಾಗೇ ಬಂತು. ಆಮೇಲೆ ವಾರಕ್ಕೊಂದು. ನಾಲ್ಕು ವಾರ ಆದ ಮೇಲೆ ಎಥಿಲೀನ್ 241. ಅಂದರೆ ನಿಂತುಹೋಗಿತ್ತು. ಇಳಿಸಿದ ಮೇಲೂ ಏರಿದ್ದರೆ, ಅಥವಾ ಅಸಿಟಿಲೀನ್ 3ರಿಂದ ಮುಂದೆ ಸರಿದಿದ್ದರೆ, ಸೀಸನ್ ನೋಡದೆ ಬಂದ್ ಮಾಡಿಸುತ್ತಿದ್ದೆ.

ಸೀಸನ್ ಮುಗಿದ ವಾರವೇ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದು ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ವೈಂಡಿಂಗ್ ರೆಸಿಸ್ಟೆನ್ಸ್ ಅಳೆದೆವು. 66 ಕೆವಿ ಕಡೆ ಎಲ್ಲ ಟ್ಯಾಪ್‌ನಲ್ಲೂ ಮೂರು ಫೇಸ್ ಸಮ. 11 ಕೆವಿ ಕಡೆ ಬಿ ಫೇಸ್ ಉಳಿದೆರಡಕ್ಕಿಂತ ಶೇ. 6 ಜಾಸ್ತಿ. ಎಣ್ಣೆ ಇಳಿಸಿ ಇನ್‌ಸ್ಪೆಕ್ಷನ್ ಕವರ್ ತೆಗೆದಾಗ ಬುಷಿಂಗ್ (ಕರೆಂಟನ್ನು ಟ್ಯಾಂಕಿನಿಂದ ಹೊರಗೆ ತರುವ ಪಿಂಗಾಣಿ ಕೊಳವೆ) ಕೆಳಗಿನ ಲೀಡ್ ಜಾಯಿಂಟ್ ಕಣ್ಣಿಗೆ ಬಿತ್ತು. ತಾಮ್ರದ ಬಣ್ಣ ಹೋಗಿ ನೀಲಿಗಪ್ಪು ಆಗಿತ್ತು. ನಾಲ್ಕು ಬೋಲ್ಟ್‌ನಲ್ಲಿ ಎರಡನ್ನು ಬರಿಗೈಯಲ್ಲೇ ತಿರುಗಿಸಬಹುದಿತ್ತು. ವಾಷರ್ ಮೇಲೆ ದೋಸೆ ಕಾವಲಿಯ ಅಂಚಿನ ಹಾಗೆ ಕರಿ ಕಟ್ಟಿತ್ತು. ಪೂರ್ತಿ ಲೋಡಿನಲ್ಲಿ ಆ ಜಾಯಿಂಟಿನ ಮೂಲಕ ಸುಮಾರು 1,050 ಆಂಪಿಯರ್ ಹರಿಯುತ್ತಿತ್ತು. ನಮ್ಮ ಜೂನಿಯರ್ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದ.

ಅಸಿಟಿಲೀನ್ ಬಂದಾಗ

ಬೇರೆ ಗ್ಯಾಸಿಗೆ ವಾರ ಕಾಯಬಹುದು. ಅಸಿಟಿಲೀನ್ ಮೊದಲ ಸಲ ಕಂಡರೆ, ಅಥವಾ ಇದ್ದದ್ದು ಏರಿದರೆ, ಅವತ್ತೇ ಮರು ಸ್ಯಾಂಪಲ್ ತೆಗೆಯಿರಿ. ಜೊತೆಗೆ ಹೈಡ್ರೋಜನ್ನೂ ಜೋರಾಗಿ ಏರಿ, ಮೊದಲ ಭಾಗಾಕಾರ 1 ದಾಟಿದ್ದರೆ ಒಳಗೆ ಆರ್ಕ್ ಆಗುತ್ತಿದೆ ಅಂತಲೇ ತಿಳಿದು ಬಂದ್ ಮಾಡುವ ಮಾತಾಡಿ.

ಆದರೆ ಹೆದರುವ ಮೊದಲು ಎರಡು ಪ್ರಶ್ನೆ ಕೇಳಿ. ಒಂದು, ಟ್ಯಾಪ್ ಚೇಂಜರ್. ಅದರೊಳಗಿನ ಡೈವರ್ಟರ್ ಸ್ವಿಚ್ ಪ್ರತಿ ಸಲ ಬದಲಾದಾಗಲೂ ಅದರ ಎಣ್ಣೆಯಲ್ಲಿ ಕಿಡಿ ಹಾರುತ್ತದೆ, ಅಸಿಟಿಲೀನ್ ತುಂಬಿರುತ್ತದೆ. ಅದು ಅದರ ಕೆಲಸ. ಆ ಎಣ್ಣೆಯೋ ಗ್ಯಾಸೋ ಸೀಲ್ ಮೂಲಕ ಅಥವಾ ಕನ್ಸರ್ವೇಟರ್ (ಮೇಲಿನ ಎಣ್ಣೆಯ ಚಿಕ್ಕ ಟ್ಯಾಂಕ್) ಮೂಲಕ ಮುಖ್ಯ ಟ್ಯಾಂಕಿಗೆ ಬಂದರೆ ಇಲ್ಲದ ರೋಗ ಕಾಣಿಸುತ್ತದೆ. ಅಸಿಟಿಲೀನ್, ಹೈಡ್ರೋಜನ್‌ನ ಎರಡು ಮೂರು ಪಟ್ಟು ಮೀರಿದ್ದರೆ ಈ ಅನುಮಾನ ಪಡಿ. ಎರಡೂ ಕಡೆಯ ಎಣ್ಣೆಯನ್ನು ಪರೀಕ್ಷೆ ಮಾಡಿಸಿ ಪಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು, ವೆಲ್ಡಿಂಗ್. ಎಣ್ಣೆ ತುಂಬಿರುವ ಟ್ಯಾಂಕಿಗೆ, ರೇಡಿಯೇಟರ್‌ಗೆ ಲೀಕ್ ಅಂತ ಯಾರಾದರೂ ವೆಲ್ಡಿಂಗ್ ಮಾಡಿದ್ದಾರಾ? ಅದರ ಬಿಸಿಗೂ ಅಸಿಟಿಲೀನ್ ಹುಟ್ಟುತ್ತದೆ. ಇದು ರಿಜಿಸ್ಟರ್‌ನಲ್ಲಿ ಇರುವುದೇ ಇಲ್ಲ, ಶಿಫ್ಟ್‌ನವರನ್ನು ಕರೆದು ಕೇಳಬೇಕು.

ಹೈಡ್ರೋಜನ್ ಒಂದೇ ಏರಿ ಉಳಿದವು ಸುಮ್ನೆ ಇದ್ದರೆ ಎಣ್ಣೆಯ ತೇವ ಪರೀಕ್ಷೆ ಮಾಡಿಸಿ. ನೀರು ಕಬ್ಬಿಣದ ಜೊತೆ, ಗ್ಯಾಲ್ವನೈಸ್ ಆದ ಭಾಗದ ಜೊತೆ ಸೇರಿದರೂ ಹೈಡ್ರೋಜನ್ ಬರುತ್ತದೆ. ಕೆಲವು ಹೊಸ ಎಣ್ಣೆಗಳು 100 ಡಿಗ್ರಿ ಆಸುಪಾಸಿನಲ್ಲೇ ಒಂದಷ್ಟು ಬಿಟ್ಟು ಆಮೇಲೆ ಸುಮ್ಮನಾಗುತ್ತವೆ. ಮೀಥೇನ್, ಹೈಡ್ರೋಜನ್‌ನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇದ್ದು ಏರುತ್ತಲೇ ಹೋದರೆ ಮಾತ್ರ ಪಾರ್ಶಿಯಲ್ ಡಿಸ್ಚಾರ್ಜ್ (ನಿರೋಧಕದೊಳಗೆ ಆಗುವ ಸಣ್ಣ ಸಣ್ಣ ವಿದ್ಯುತ್ ಸೋರಿಕೆ ಕಿಡಿ) ಕಡೆ ಯೋಚಿಸಿ.

ಬುಕೋಲ್ಝ್ ರಿಲೇ (ಟ್ಯಾಂಕಿಗೂ ಕನ್ಸರ್ವೇಟರ್‌ಗೂ ನಡುವಿನ ಪೈಪಿನಲ್ಲಿ ಗ್ಯಾಸ್ ಸೇರಿದರೆ ಎಚ್ಚರಿಸುವ ಸಾಧನ) ಅಲಾರಂ ಬಂದಿದ್ದರೆ ಅದರಲ್ಲಿ ನಿಂತ ಗ್ಯಾಸನ್ನೂ ಸಿರಿಂಜ್‌ನಲ್ಲಿ ಹಿಡಿದು ಎಣ್ಣೆಯ ಜೊತೆಗೇ ಲ್ಯಾಬಿಗೆ ಕಳಿಸಿ. ಬೆಂಕಿಕಡ್ಡಿ ಗೀರಿ ನೋಡುವ ಹಳೇ ಅಭ್ಯಾಸ ದಯವಿಟ್ಟು ಬಿಡಿ. ಅಲಾರಂ ರೀಸೆಟ್ ಮಾಡಿ ಮತ್ತೆ ಚಾರ್ಜ್ ಮಾಡುವುದಂತೂ ರಿಪೋರ್ಟ್ ಬರುವವರೆಗೆ ಬೇಡವೇ ಬೇಡ.

ರಿಪೇರಿ ಆದ ಮೇಲೆ

ಗ್ಯಾಸ್ ಜಾಸ್ತಿ ಇದೆ ಅಂತ ಸೀದಾ ಫಿಲ್ಟರ್ ಮಷಿನ್ ಹಚ್ಚುವವರನ್ನು ನೋಡಿದ್ದೇನೆ. ಫಿಲ್ಟರ್ ಮಾಡಿದರೆ ಗ್ಯಾಸ್ ಹೋಗುತ್ತದೆ, ಸಡಿಲವಾದ ಬೋಲ್ಟ್ ಅಲ್ಲೇ ಇರುತ್ತದೆ. ಜ್ವರ ನೋಡುವ ಮೊದಲೇ ಮೈ ಒರೆಸಿದ ಹಾಗೆ, ಅಲ್ವಾ? ಕಾರಣ ಸಿಕ್ಕಿ ಸರಿಮಾಡಿದ ಮೇಲೆ ಫಿಲ್ಟರ್ ಮಾಡಿ. ಅದಕ್ಕೆ ಮೊದಲು ಒಂದು ಸ್ಯಾಂಪಲ್, ಆದ ಮೇಲೆ ಒಂದು.

ನಾವು ಆ ಜಾಯಿಂಟಿನ ಮುಖ ಉಜ್ಜಿ, ಹೊಸ ಬೋಲ್ಟ್ ಹಾಕಿ, ಟಾರ್ಕ್ ಸ್ಪ್ಯಾನರ್‌ನಲ್ಲಿ ಬಿಗಿದು, ರೆಸಿಸ್ಟೆನ್ಸ್ ಮತ್ತೆ ಅಳೆದೆವು. ಮೂರು ಫೇಸ್ ಸಮ ಬಂತು. ಎಣ್ಣೆ ಫಿಲ್ಟರ್ ಮಾಡಿ ಚಾರ್ಜ್ ಮಾಡಿದ ಮರುದಿನ ಎಥಿಲೀನ್ 6. ತಿಂಗಳಾದ ಮೇಲೆ 17. ಜೂನಿಯರ್ ಗಾಬರಿಯಿಂದ ಓಡಿಬಂದ. ಕಾಗದ, ಪ್ರೆಸ್‌ಬೋರ್ಡ್ ಹೀರಿಕೊಂಡಿದ್ದ ಹಳೇ ಎಣ್ಣೆಯಿಂದ ಉಳಿದ ಗ್ಯಾಸ್ ಮೆಲ್ಲಗೆ ಹೊರಗೆ ಬರುತ್ತದೆ, ಮೊದಲ ಒಂದೆರಡು ತಿಂಗಳು ಇಷ್ಟು ಏರುವುದು ಸಹಜ ಅಂದೆ. ಎರಡನೇ ತಿಂಗಳು 19. ಸೀಸನ್ ಶುರುವಾಗಿ ಪೂರ್ತಿ ಲೋಡ್ ಬಂದ ಮೇಲೂ 19. ಈ ಸಲ ಆ ಅಂಕಿಯನ್ನು ಲಾಂಗ್ ಬುಕ್ಕಿಗೆ ಅವನೇ ಬರೆದ, ಪಕ್ಕದಲ್ಲಿ ಅವತ್ತಿನ ಲೋಡನ್ನೂ ಸೇರಿಸಿ.